ಕಾಣದ ಹಕ್ಕಿಗೆ ಯಾವ ಹೆಸರು?

ಹಕ್ಕಿ ಗುರುತಿಸುವುದನ್ನು ಕಲಿಸುವ ಪುಸ್ತಕ ಯಾವುದನ್ನೇ ಕೈಗೆತ್ತಿಕೊಳ್ಳಿ, ಅದು ಮೊದಲು ಕೇಳುವ ಪ್ರಶ್ನೆ ಒಂದೇ: ಹಕ್ಕಿ ಎಷ್ಟು ದೊಡ್ಡದಿತ್ತು? ಗುಬ್ಬಿಯಷ್ಟೋ, ಪಿಕಳಾರದಷ್ಟೋ, ಮೈನಾದಷ್ಟೋ, ಕಾಗೆಯಷ್ಟೋ? ಸಲೀಂ ಅಲಿಯವರು 1941ರಲ್ಲಿ ಭಾರತದ ಹಕ್ಕಿಗಳ ಬಗೆಗಿನ ತಮ್ಮ ಪುಸ್ತಕವನ್ನು ಹೊರತಂದಾಗಲೂ ಇಂಥದೇ ಅಳತೆಗೋಲನ್ನು ಓದುಗರ ಕೈಗೆ ಕೊಟ್ಟಿದ್ದರು. ಆಮೇಲೆ ಬಣ್ಣ, ಕೊಕ್ಕು, ಬಾಲ, ಹಾರುವ ರೀತಿ. ಕೂಗಿನ ಮಾತು ಬರುವುದು ಅದೆಲ್ಲ ಆದ ಮೇಲೆ, ಒಂದೆರಡು ಸಾಲುಗಳಲ್ಲಿ. ದುರ್ಬೀನು ಹಿಡಿದು ಬೆಳಗ್ಗೆ ಐದಕ್ಕೇ ಮನೆ ಬಿಡಬಲ್ಲವರಿಗೆ ಇದು ಸರಿಯಾದ ಕ್ರಮವೇ. ಆದರೆ ಬೆಳಗ್ಗೆ ಐದಕ್ಕೆ ಹಾಲು ಕಾಯಿಸಲು ನಿಲ್ಲುವವರ ಪಾಡೇನು?

ನಾನಿರುವುದು ಗುಂಡ್ಲುಪೇಟೆಯಲ್ಲಿ. ಅಡುಗೆಮನೆಯ ಕಿಟಕಿಯಿಂದ ಪಕ್ಕದ ಮನೆಯ ಗೋಡೆ, ಅದರ ಮೇಲೆ ಒಂದು ತೆಂಗಿನಮರದ ಅರ್ಧ ತಲೆ ಕಾಣುತ್ತದೆ, ಅಷ್ಟೆ. ಆ ಗೋಡೆಯಾಚೆ ಎಂತೆಂಥ ಹಕ್ಕಿಗಳು ಬಂದು ಹೋಗುತ್ತವೆ! ಮುದ್ದೆಗೆ ಎಸರಿಟ್ಟು ನಿಂತಾಗ ಒಂದು, ಬಟ್ಟೆ ಹಿಂಡುವಾಗ ಇನ್ನೊಂದು. ಬಂಡೀಪುರದ ಕಾಡಿನೊಳಗೆ 2009ರಿಂದ ರಾತ್ರಿ ಒಂಬತ್ತರ ಮೇಲೆ ಸಾಮಾನ್ಯ ವಾಹನಗಳನ್ನು ಬಿಡದೆ ಇರುವುದರಿಂದ, ಊಟಿ ರಸ್ತೆಯ ಲಾರಿಗಳ ಸದ್ದು ಅಡಗಿದ ಮೇಲೆ ರಾತ್ರಿಯ ಹಕ್ಕಿಗಳೂ ಚೆನ್ನಾಗಿ ಕೇಳುತ್ತವೆ. ನಮ್ಮಂಥವರಿಗೆ ಹಕ್ಕಿ ಎಂದರೆ ಮೊದಲು ದನಿ. ಮೈಬಣ್ಣ ಆಮೇಲೆ ಕಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಹೀಗೆ ಕಿವಿಯಿಂದ ಶುರುಮಾಡುವ ಓದುಗಳೊಬ್ಬಳು ಇದ್ದಾಳೆ ಎಂಬುದು ಪುಸ್ತಕ ಬರೆದವರ ಮನಸ್ಸಿಗೆ ಬಂದಂತೆ ಕಾಣುವುದಿಲ್ಲ.

ಇದನ್ನು ದೂರುವುದಕ್ಕಾಗಿ ಹೇಳುತ್ತಿಲ್ಲ. ಸಲೀಂ ಅಲಿಯವರ ಕಾಲದ ಪದ್ಧತಿ ನೋಡಿ: ಹಕ್ಕಿಯನ್ನು ಗುಂಡಿಟ್ಟು ಕೆಡವಿ, ಚರ್ಮ ಸುಲಿದು, ಹತ್ತಿ ತುಂಬಿ, ಚೀಟಿ ಕಟ್ಟಿದರೆ ಆಗ ಹೆಸರು ಖಾತ್ರಿ. ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದ್ದು 1939-40ರಲ್ಲಿ. ಹಿಂದಿನ ಸಮೀಕ್ಷೆಗಳಲ್ಲಿ ಡೇರೆಯಿಂದ ಡೇರೆಗೆ ಜೊತೆಗಿದ್ದ ಹೆಂಡತಿ ತೆಹ್ಮಿನಾ ಈ ಸಲ ಇರಲಿಲ್ಲ, 1939ರಲ್ಲೇ ತೀರಿಕೊಂಡಿದ್ದರು. ಆ ಹೆಣ್ಣುಮಗಳು ಡೇರೆಯಲ್ಲಿ ಕುಳಿತು ಕೇಳಿಸಿಕೊಂಡ ಹಕ್ಕಿಗಳೆಷ್ಟೋ ಎಂದು ನನಗೆ ಆಗಾಗ ಅನ್ನಿಸುವುದುಂಟು. ಇನ್ನು ನಮ್ಮ ತೇಜಸ್ವಿಯವರು. ಮೂಡಿಗೆರೆಯಲ್ಲಿ ಕುಳಿತು, ಕ್ಯಾಮರಾ ಹಿಡಿದು, ಕನ್ನಡದ ಸಾಮಾನ್ಯ ಮನೆಗಳೊಳಕ್ಕೆ ಹಕ್ಕಿಗಳನ್ನು ತಂದು ಬಿಟ್ಟವರು ಅವರು. 'ಹಕ್ಕಿ ಪುಕ್ಕ' ನಮ್ಮ ಮನೆಯಲ್ಲಿ ಪಂಚಾಂಗದ ಪಕ್ಕದಲ್ಲಿದೆ. ಪುಟ ಮಗುಚಿದಾಗಲೆಲ್ಲ ಕಣ್ಣಿಗೆ ಹಬ್ಬ. ಆದರೆ ಫೋಟೋ ಹಾಡುವುದಿಲ್ಲ. ಅದು ಫೋಟೋದ ತಪ್ಪಲ್ಲ, ಬರೆದವರ ತಪ್ಪೂ ಅಲ್ಲ. ಆದರೂ ಕೊರತೆ ಕೊರತೆಯೇ.

ಪುಸ್ತಕ ಬಿಟ್ಟು ಕವಿಗಳ ಹತ್ತಿರ ಹೋಗೋಣ ಎಂದರೆ ಅಲ್ಲಿ ಬೇರೆ ತೊಡಕು. ಕವಿಗಳಿಗೆ ಕಿವಿಯೇನೋ ಇದೆ. ಆದರೆ ಆ ಕಿವಿಗೆ ಬಹುಕಾಲ ಒಂದೇ ಹಕ್ಕಿ ಕೇಳಿಸಿತು. ಬನವಾಸಿಯಲ್ಲಿ ಕೋಗಿಲೆಯಾಗಿಯಾದರೂ ಹುಟ್ಟಬೇಕು ಎಂದು ಹಂಬಲಿಸಿದ ಪಂಪನಿಂದ ಹಿಡಿದು ಸಿನಿಮಾ ಹಾಡಿನವರೆಗೆ ಎಲ್ಲರಿಗೂ ಕೋಗಿಲೆ ಬೇಕು. ಅದೂ ಹೆಣ್ಣಾಗಿ ಬೇಕು! ಚೆನ್ನಾಗಿ ಹಾಡುವ ಹೆಣ್ಣುಮಕ್ಕಳಿಗೆ 'ಗಾನಕೋಗಿಲೆ' ಎಂದು ಬಿರುದು ಕೊಡುತ್ತೇವೆ. ಮಾವಿನ ಮರದಲ್ಲಿ ಕುಹೂ ಎಂದು ಕೂಗುವುದು ಕಪ್ಪು ಮೈಯ ಗಂಡು. ಹೆಣ್ಣು ಕೋಗಿಲೆ ಕಂದುಬಣ್ಣದ, ಚುಕ್ಕೆಚುಕ್ಕೆಯ ಹಕ್ಕಿ. ಅದರ ದನಿ ಕಿಕ್ ಕಿಕ್ ಕಿಕ್ ಎಂಬ ಚುರುಕಾದ ಕಿರುಚು. ಸಾವಿರ ವರ್ಷ ಹೊಗಳಿಸಿಕೊಂಡ ಹಕ್ಕಿಯನ್ನು ಒಮ್ಮೆ ಮರದ ಕೆಳಗೆ ನಿಂತು ನೋಡಿದವರು ಕಡಿಮೆ ಎಂದಾಯಿತು. ಚಾತಕದ ಕಥೆ ಇನ್ನೂ ಬೇರೆ. ಮಳೆಹನಿಯನ್ನು ಬಿಟ್ಟು ಬೇರೆ ನೀರು ಮುಟ್ಟುವುದಿಲ್ಲ ಎಂಬ ನಂಬಿಕೆಯನ್ನೇ ಕವಿಗಳು ಹಾಡಿದರು. ಅದು ಹೇಗೆ ಕೂಗುತ್ತದೆ ಎಂದು ಕೇಳಿದರೆ ಹಳೆಯ ಕಾವ್ಯದಲ್ಲಿ ಉತ್ತರ ಸಿಗುವುದು ಕಷ್ಟ.

ಅಕ್ಕಮಹಾದೇವಿ ಮಾತ್ರ ಬೇರೆ. ಕಾಣದ ಚೆನ್ನಮಲ್ಲಿಕಾರ್ಜುನನನ್ನು ಹುಡುಕುತ್ತಾ ಹೋಗುವ ಆ ವಚನವನ್ನು ನೀವೂ ಓದಿರುತ್ತೀರಿ. ಗಿಳಿಯನ್ನೂ ಕೋಗಿಲೆಯನ್ನೂ ಅವಳು ಕರೆಯುವುದು ಅವುಗಳ ದನಿಯಿಂದ. ಹಸಿರು ಮೈ, ಕೆಂಪು ಕೊಕ್ಕು ಎಂಬ ವರ್ಣನೆ ಅವಳಿಗೆ ಬೇಡ. ಕಾಡುದಾರಿಯಲ್ಲಿ ಒಬ್ಬಳೇ ನಡೆಯುವವಳಿಗೆ ಎಲೆಯ ಮರೆಯಿಂದ ಮೊದಲು ಸಿಗುವುದು ದನಿಯೇ ತಾನೆ! ಹಕ್ಕಿಗಳ ಬಗ್ಗೆ ಕನ್ನಡದಲ್ಲಿ ಬಂದ ಸಾಲುಗಳಲ್ಲಿ ಇಷ್ಟು ನಿಜವಾದದ್ದು ನನಗೆ ಬೇರೆ ಕಂಡಿಲ್ಲ.

ಹೊಸಗನ್ನಡದಲ್ಲಿ ಕುವೆಂಪು ಬಂದು ಕಾಜಾಣ, ಪಿಕಳಾರ, ಮಡಿವಾಳ ಎಂದು ಹೆಸರು ಹಿಡಿದು ಕರೆದ ಮೇಲೆ ಕೋಗಿಲೆಯ ದರ್ಬಾರು ಮುಗಿಯಿತು. ದೊಡ್ಡ ಕೆಲಸ ಅದು. ಆದರೆ ಅವು ಮಲೆನಾಡಿನ ಕಿವಿಗೆ ಬಿದ್ದ ಹಕ್ಕಿಗಳು. ನಮ್ಮ ತೆರಕಣಾಂಬಿ ಕಡೆಯ ಒಣಹೊಲದಲ್ಲಿ ಮೂರು ಸಂಜೆಗೆ ಎದ್ದು ಕೂಗುವ ಗೌಜಲ ಹಕ್ಕಿಗೆ, ಕೆರೆಯಂಗಳದ ಟಿಟ್ಟಿಭಕ್ಕೆ, ರಾತ್ರಿ ದಾರಿಯಲ್ಲಿ ಕೂತು ಟುಕ್ ಟುಕ್ ಎನ್ನುವ ನತ್ತಿಂಗಕ್ಕೆ ಅಂಥ ಕವಿ ಸಿಗಲಿಲ್ಲ. ಬೇಂದ್ರೆಯವರ 'ಗರಿ'ಯ ಆ ಹಕ್ಕಿಯಂತೂ ಕಾಲವೇ ಆದ್ದರಿಂದ ಅದನ್ನು ಇಲ್ಲಿಗೆ ಎಳೆಯುವುದು ಬೇಡ.

ಇಷ್ಟೆಲ್ಲ ಯೋಚನೆಗೆ ಹಚ್ಚಿದ್ದು ಚಾಮರಾಜನಗರದ ನನ್ನ ನಾದಿನಿಯ ಮನೆಯ ಒಂದು ಮಾವಿನಮರ. ಎರಡು ವರ್ಷದ ಕೆಳಗೆ, ಮೇ ತಿಂಗಳ ಕೊನೆ. ನಾದಿನಿಯ ಸೊಸೆಗೆ ಆರು ತುಂಬಿ ಏಳರಲ್ಲಿತ್ತು. ಹಿಂದಿನ ವರ್ಷ ಒಂದು ಬಸಿರು ಐದು ತಿಂಗಳಿಗೆ ಹೋಗಿತ್ತಾದ್ದರಿಂದ ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದುಕೊಂಡಿದ್ದರು. ಆಗ ಶುರುವಾಯಿತು ಹಿತ್ತಿಲ ಮರದಲ್ಲಿ ಒಂದು ಕೂಗು. ಮೂರು ಸ್ವರ, ನಡುವಿನದಕ್ಕೆ ಒತ್ತು. ಮತ್ತೆ ಅದೇ ಮೂರು, ಒಂದು ಮೆಟ್ಟಿಲು ಮೇಲೆ. ಮತ್ತೆ ಇನ್ನೊಂದು ಮೆಟ್ಟಿಲು. ಇನ್ನೇನು ಗಂಟಲು ಹರಿದೇ ಹೋಯಿತು ಅನ್ನುವಾಗ ಥಟ್ಟನೆ ನಿಲುಗಡೆ. ಸ್ವಲ್ಪ ಹೊತ್ತು ಬಿಟ್ಟು ಮೊದಲಿನಿಂದ. ಹಗಲೂ ಇದೇ, ಬೆಳದಿಂಗಳ ರಾತ್ರಿಯೂ ಇದೇ. ಹಕ್ಕಿ ಮಾತ್ರ ಯಾರ ಕಣ್ಣಿಗೂ ಬೀಳದು.

ನಾದಿನಿಯ ಅತ್ತೆ, ಎಂಬತ್ತು ದಾಟಿದ ಅಜ್ಜಿ, ಮೂರನೆಯ ರಾತ್ರಿಗೆ ತೀರ್ಪು ಕೊಟ್ಟರು. "ಇದು ಕೂಗಬಾರದ ಹಕ್ಕಿ ಕನವ್ವ. ಹೋದ ಸಲವೂ ಇದೇ ಕೂಗಿತ್ತು." ಹೋದ ಸಲ ಕೂಗಿತ್ತೋ ಇಲ್ಲವೋ, ಬೀದಿಯ ಇನ್ನಿಬ್ಬರಿಗೆ ಅದು ಆಗಲೇ ನೆನಪಾಗಿಬಿಟ್ಟಿತು. ಪರಿಹಾರ ಎರಡು ಹೇಳಿದರು. ಮಾವಿನಮರ ಕಡಿಸುವುದು, ಇಲ್ಲವೆ ಹುಡುಗಿಯನ್ನು ಈಗಲೇ ತವರಿಗೆ ಕಳಿಸುವುದು. ತವರು ಹನೂರಿನ ಆಚೆಯ ಹಳ್ಳಿ, ದಿನಕ್ಕೆರಡು ಬಸ್ಸು. ಇಲ್ಲಿ ಆಸ್ಪತ್ರೆ ಆಟೋದಲ್ಲಿ ಹತ್ತು ನಿಮಿಷ. ನಾದಿನಿ ಫೋನು ಮಾಡಿ, "ಅತ್ತಿಗೆ, ಅದೇನ್ ಹಕ್ಕಿ ಅಂತ ನೀವಾದ್ರೂ ನೋಡಿ ಹೇಳಿ, ಇವರ ಬಾಯಿ ಮುಚ್ಚಿಸಬೇಕು" ಎಂದಳು. ಹುಡುಗಿ ಮಾತ್ರ ಈ ಗದ್ದಲದಲ್ಲಿ ಒಂದು ಮಾತೂ ಆಡಲಿಲ್ಲವಂತೆ.

ಹೋದೆ. ಜಗಲಿಯ ಮೇಲೆ ಕೂತು ಕೇಳಿದೆ. ಕೈಲಿದ್ದ ಪುಸ್ತಕ ಎಷ್ಟು ದೊಡ್ಡದು ಎಂದು ಕೇಳುತ್ತಿತ್ತು, ಬಾಲದಲ್ಲಿ ಪಟ್ಟೆಗಳಿವೆಯೇ ಎಂದು ಕೇಳುತ್ತಿತ್ತು. ಎಲೆ ದಟ್ಟವಾಗಿದ್ದ ಮರ ಯಾವುದಕ್ಕೂ ಉತ್ತರ ಕೊಡಲಿಲ್ಲ. ಮೊಬೈಲಿನಲ್ಲಿ ಕೂಗನ್ನು ಹಿಡಿದು ಮೈಸೂರಿನಲ್ಲಿ ಓದುವ ಅಣ್ಣನ ಮಗನಿಗೆ ಕಳಿಸಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿಶಾಸ್ತ್ರ ಪ್ರಯೋಗಾಲಯದವರು ಮರ್ಲಿನ್ ಎಂಬ ಸಾಧನ ಮಾಡಿದ್ದಾರೆ. ಕೂಗು ಕೇಳಿಸಿಕೊಂಡು ಹೆಸರು ಹೇಳುವುದನ್ನು ಅದಕ್ಕೆ 2021ರಲ್ಲಿ ಕಲಿಸಿದರು. ಈಗ ನಮ್ಮ ಹಕ್ಕಿಗಳನ್ನೂ ಹೇಳುತ್ತದೆ. ಐದು ನಿಮಿಷಕ್ಕೆ ಉತ್ತರ ಬಂತು: ಕಾಮನ್ ಹಾಕ್ ಕುಕೂ. ಅಂದರೆ ಗಿಡುಗನ ವೇಷದ ಕೋಗಿಲೆ. ಬೂದು ಬೆನ್ನು, ಪಟ್ಟೆಬಾಲ, ದೂರದಿಂದ ನೋಡಿದರೆ ಬೇಟೆಹಕ್ಕಿಯೆಂದೇ ಮೋಸಹೋಗಬೇಕು. ಪುಸ್ತಕ ತೆಗೆದು ಕೂಗಿನ ವಿವರಣೆಗೆ ಹೋಲಿಸಿದೆ. ಏರಿಕೆಯ ಮೂರು ಸ್ವರ, ಥಟ್ಟನೆ ನಿಲುಗಡೆ, ಬೆಳದಿಂಗಳ ರಾತ್ರಿ, ಮಳೆಗಾಲದ ಮುಂಚಿನ ತಿಂಗಳುಗಳು, ಎಲ್ಲ ಸರಿಹೋಯಿತು.

ಹೆಸರು ಸಿಕ್ಕಿತು. ಸಿಕ್ಕಿ ಏನಾಯಿತು? ಅಜ್ಜಿಗೆ ಹೇಳಿದೆ. "ಇಂಗ್ಲಿಷ್‌ನಲ್ಲಿ ಹೆಸರಿದ್ರೆ ಕೆಟ್ಟದು ಒಳ್ಳೇದಾಗ್ಬುಡ್ತದಾ?" ಎಂದರು. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ಆ ಯಂತ್ರಕ್ಕೂ ಈ ಪುಸ್ತಕಗಳಿಗೂ ಯಾರೂ ಬರೆದಿರಲಾರರು.

ಅಜ್ಜಿಗೆ ಬೇಕಾಗಿದ್ದುದು ಹೆಸರಲ್ಲ. ಹಕ್ಕಿ ಏನು ಹೇಳುತ್ತಿದೆ ಎಂಬುದು. ನಮ್ಮ ಕಡೆ ಇದನ್ನು ಹೇಳುವುದಕ್ಕೆಂದೇ ಜನ ಬರುತ್ತಿದ್ದರು, ನೆನಪಿದೆಯೇ? ಬೆಳಗಿನ ಜಾವ ಬುಡುಬುಡುಕೆ ಆಡಿಸುತ್ತ ಬಾಗಿಲಿಗೆ ಬಂದು ನಿಲ್ಲುವವನು. ಕತ್ತಲಲ್ಲಿ ಹಾಲಕ್ಕಿ ನುಡಿದದ್ದನ್ನು ಕೇಳಿಸಿಕೊಂಡು ಬಂದಿದ್ದೇನೆ ಎಂದು ಅವನ ಮಾತು. ಹಾಲಕ್ಕಿ ಎಂದರೆ ಚಿಕ್ಕದೊಂದು ಗೂಬೆ. ಅದನ್ನು ಯಾರೂ ನೋಡಿರುವುದಿಲ್ಲ, ಕೇಳಿರುತ್ತಾರೆ. ಅರ್ಥ ಮಾತ್ರ ಅವನ ಹತ್ತಿರ. ಮೊದಲು ಶುಭ, ಆಮೇಲೆ ಸಣ್ಣದೊಂದು ಗಂಡಾಂತರ, ಆಮೇಲೆ ಅದಕ್ಕೆ ತಕ್ಕ ಪರಿಹಾರ, ಹಳೆಯ ಸೀರೆಯೋ ಒಂದು ಮೊರ ರಾಗಿಯೋ. ನಗಬೇಡಿ. ಕಾಣದ ಹಕ್ಕಿಯ ಕೂಗಿಗೆ ಕನ್ನಡದಲ್ಲಿ ಅನುವಾದ ಮಾಡುತ್ತಿದ್ದವನು ಅವನೊಬ್ಬನೇ.

ಅನುವಾದ ಎಂದೆನಲ್ಲ, ಈ ಗಿಡುಗನ ವೇಷದ ಹಕ್ಕಿಯ ವಿಚಾರದಲ್ಲಿ ಅದೊಂದು ಸೋಜಿಗದ ಕಥೆ. ಇಲ್ಲಿಗೆ ಬಂದ ಇಂಗ್ಲಿಷರು ಸೆಕೆಯಲ್ಲಿ ನಿದ್ದೆಗೆಟ್ಟು ಮಲಗಿ ಇದೇ ಮೂರು ಸ್ವರಗಳಲ್ಲಿ 'ಬ್ರೇನ್ ಫೀವರ್' ಎಂದು ಕೇಳಿಸಿಕೊಂಡರು. ಮಿದುಳು ಜ್ವರದ ಹಕ್ಕಿ ಎಂದೇ ಹೆಸರಿಟ್ಟರು. ಹಿಂದಿಯವರಿಗೆ ಅದು ಪಪೀಹಾ, 'ಪೀ ಕಹಾಂ', ನನ್ನ ನಲ್ಲನೆಲ್ಲಿ ಎಂದು ಕೇಳುವ ಹಕ್ಕಿ. ಬಂಗಾಳಿಗಳಿಗೆ 'ಚೋಖ್ ಗೇಲೋ', ಕಣ್ಣು ಹೋಯಿತು ಎಂಬ ಗೋಳು. ಮರಾಠಿ ರೈತರಿಗೆ ಅದೇ ಕೂಗು 'ಪಾವಸ್ ಆಲಾ', ಮಳೆ ಬಂತು. ಇನ್ನೂ ಕೆಲವರಿಗೆ 'ಪೇರ್ತೆ ವ್ಹಾ', ಬಿತ್ತನೆಗೆ ಹೊರಡಿ. ಒಂದೇ ಗಂಟಲು. ಸೆಕೆ ತಾಳದವನಿಗೆ ಜ್ವರ ಕೇಳಿಸಿತು, ಗಂಡ ದೂರದಲ್ಲಿರುವವಳಿಗೆ ಗಂಡ ಕೇಳಿಸಿದ, ಹೊಲ ಉತ್ತಿಟ್ಟವನಿಗೆ ಮಳೆ ಕೇಳಿಸಿತು. ಇದರ ಬಳಗದ ಇನ್ನೊಂದು ಕೋಗಿಲೆ ಇದೆ, ನಾಲ್ಕು ಸ್ವರದ್ದು. ಇಂಗ್ಲಿಷರಿಗೆ ಅದು 'ಒನ್ ಮೋರ್ ಬಾಟ್ಲ್', ಇನ್ನೊಂದು ಬಾಟಲಿ. ಬಂಗಾಳಿಗಳಿಗೆ 'ಬೌ ಕೊಥಾ ಕಓ', ಹೆಂಡತಿಯೇ, ಮಾತಾಡು. ಎರಡು ಸಂಸಾರಗಳ ಕಥೆ ಅಲ್ಲೇ ಇದೆ ನೋಡಿ!

ಪುಸ್ತಕ ಬರೆಯುವವರು ಇಂಥವನ್ನು ಮೋಜಿನ ಸಂಗತಿ ಎಂದು ಒಂದು ಸಾಲಿನಲ್ಲಿ ಸೇರಿಸಿ ಮುಂದೆ ಹೋಗುತ್ತಾರೆ. ನನಗೆ ಅನ್ನಿಸುವುದು, ಗುರುತಿಸುವ ಕೆಲಸದ ಅರ್ಧ ಇರುವುದೇ ಇಲ್ಲಿ. ಕಿವಿಗೆ ಬಿದ್ದ ಮೂರು ಸ್ವರ ನೆನಪಿನಲ್ಲಿ ನಿಲ್ಲಬೇಕಾದರೆ ಅದಕ್ಕೊಂದು ಮಾತು ಬೇಕು. ಸ್ವರ ಏರುತ್ತದೆ, ಇಳಿಯುತ್ತದೆ, ಲೋಹದಂತಿದೆ ಎಂದು ಬರೆದರೆ ನಾಳೆ ಬೆಳಗ್ಗೆಗೆ ಮರೆಯುತ್ತದೆ. ಇಷ್ಟಕ್ಕೂ ಅನುಕರಣದ ಮಾತಿಗೆ ಕನ್ನಡದಲ್ಲಿ ಬಡತನವೇ? ಕೇಶಿರಾಜನ ವ್ಯಾಕರಣದಿಂದ ಶಾಲೆಯ ಮಕ್ಕಳ ಪುಸ್ತಕದವರೆಗೆ ಅನುಕರಣ ಪದಗಳಿಗೆ ಬೇರೆಯದೇ ಜಾಗ ಕೊಟ್ಟವರು ನಾವು. ಕಾಗೆ, ಟಿಟ್ಟಿಭ, ಕುಟ್ರು ಎಂದು ಕೂಗನ್ನೇ ಹೆಸರು ಮಾಡಿದವರು. ಈಗ ಪುಸ್ತಕ ಬರೆಯಲು ಕೂತಾಗ ಮಾತ್ರ ಇಂಗ್ಲಿಷ್ ಪುಸ್ತಕದ 'ಪೀ ಪೀ ಪ್ಯೂ'ವನ್ನು ಕನ್ನಡ ಅಕ್ಷರದಲ್ಲಿಟ್ಟು ಸುಮ್ಮನಾಗುವುದೇಕೆ?

ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಬಂಗಾಳಿಯ ಕಣ್ಣು ಹೋದದ್ದನ್ನು ಅವರಿಗೆ ಹೇಳಲಿಲ್ಲ, ಆಗಷ್ಟೇ ಪೊರೆ ತೆಗೆಸಿಕೊಂಡಿದ್ದರು. ಈ ಹಕ್ಕಿ ತಾನು ಗೂಡು ಕಟ್ಟದೆ ಹರಟೆಮಲ್ಲನ ಗೂಡಿನಲ್ಲಿ ನೀಲಿ ಮೊಟ್ಟೆ ಇಟ್ಟು ಹೋಗುತ್ತದೆ, ಮರಿಯನ್ನು ಪಾಪ ಅವೇ ಸಾಕುತ್ತವೆ ಎಂಬುದನ್ನೂ ಆ ಮನೆಯಲ್ಲಿ ಆ ಹೊತ್ತಿನಲ್ಲಿ ಹೇಳಲು ನನಗೆ ಹುಚ್ಚೇ? ಮರಾಠಿ ರೈತರ ಮಾತನ್ನು ಹೇಳಿದೆ. ಅವರ ಕಡೆ ಇದು ಮಳೆ ತರುವ ಹಕ್ಕಿ, ಕೂಗಿದರೆ ಬೀಜ ಹೊರಗೆ ತೆಗೆಯುತ್ತಾರೆ ಎಂದೆ. ಅಜ್ಜಿ ಸುಮ್ಮನಿದ್ದರು. ಅವರೂ ಮೂವತ್ತು ವರ್ಷ ಹೊಲದಲ್ಲಿ ಅರಿಶಿನ ನಾಟಿ ಮಾಡಿಸಿದವರು. ಹಕ್ಕಿ ಮತ್ತೆ ಶುರುಮಾಡಿತು. ಎರಡು ಮೂರು ಸುತ್ತು ಕಿವಿಗೊಟ್ಟು, "ಬಿತ್ತವ ಬಾ, ಬಿತ್ತವ ಬಾ ಅಂದಂಗದ ಕನ" ಎಂದರು. ಆಮೇಲೆ, ಇದು ರೋಹಿಣಿ ಮಳೆ ಕಾಲ ಅಲ್ಲವೇ ಎಂದು ತಾವೇ ಕೇಳಿಕೊಂಡರು. ಮರ ಉಳಿಯಿತು. ಹುಡುಗಿ ಅಲ್ಲೇ ಉಳಿದಳು. ಬೀದಿಯ ಆ ಇಬ್ಬರು ಮಾತ್ರ ಇವತ್ತಿಗೂ ಒಪ್ಪಿಲ್ಲ.

ಕಿವಿಯೇ ಎಲ್ಲ ಎಂದು ಹೇಳಿಬಿಟ್ಟರೂ ತಪ್ಪಾಗುತ್ತದೆ. ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದರೆ ಕಿವಿಯನ್ನು ನಂಬಿದವರಿಗೆ ಪಾಠ ಕಲಿಸುವ ಹಕ್ಕಿಯೊಂದಿದೆ, ಜೋಡಿ ಬಾಲದ ತುದಿಯಲ್ಲಿ ಎರಡು ಪುಟ್ಟ ಬಿಲ್ಲೆ ಇರುವ ದೊಡ್ಡ ಕಾಜಾಣ. ಅದು ಬೇರೆ ಹಕ್ಕಿಗಳ ಕೂಗನ್ನು ಕದ್ದು ತನ್ನದರೊಡನೆ ಹೆಣೆದು ಹಾಡುತ್ತದೆ. ಗಿಡುಗ ಎಂದುಕೊಂಡರೆ ಕಾಜಾಣ, ಹರಟೆಮಲ್ಲ ಎಂದುಕೊಂಡರೆ ಕಾಜಾಣ. ಸಮೀರಾ ಅಗ್ನಿಹೋತ್ರಿ ಎಂಬ ವಿಜ್ಞಾನಿ ಈ ಬೆಟ್ಟದಲ್ಲೇ ಇದ್ದು ಆ ಅನುಕರಣೆಯನ್ನು ಅಧ್ಯಯನ ಮಾಡಿದರು. ಕದ್ದ ಕೂಗು ಯಾವ ಹಕ್ಕಿಯದು ಎಂದು ಹೇಳುವುದರಲ್ಲಿ ಯಂತ್ರದ ಲೆಕ್ಕವನ್ನು ಮನುಷ್ಯರ ಕಿವಿಯ ಜೊತೆ ಹೋಲಿಸಿ ನೋಡಿದ ಅವರ ತಂಡದ ಪ್ರಬಂಧ 2014ರಲ್ಲಿ ಬಂದಿದೆ.

ಅದಕ್ಕೂ ಮೊದಲು, 2012ರಲ್ಲಿ, ಅವರೂ ಆಂಗ್ ಸಿ ಎಂಬ ಭಾಷಾವಿಜ್ಞಾನಿಯೂ ಸೇರಿ ಸೋಲಿಗರ ಹಕ್ಕಿಜ್ಞಾನದ ಬಗ್ಗೆ ಬರೆದರು. ಸೋಲಿಗರು ಹಕ್ಕಿಗಳಿಗಿಟ್ಟ ಹೆಸರುಗಳಲ್ಲಿ ಕೂಗಿನಿಂದಲೇ ಹುಟ್ಟಿದವು ಹಲವು. ದಟ್ಟ ಕಾಡಿನಲ್ಲಿ ಬದುಕುವವರು ಬೇರೆ ಹೇಗೆ ತಾನೆ ಹೆಸರಿಟ್ಟಾರು? ಜೇನಿಗೋ ಗೆಡ್ಡೆಗೋ ಹೋದ ಹೆಂಗಸಿನ ತಲೆಯ ಮೇಲೆ ನೂರು ಅಡಿ ಎಲೆ. ಅವಳಿಗೂ ನನ್ನ ಹಾಗೆ ಒಂದು ಗೋಡೆಯೇ ಅಡ್ಡ. ವ್ಯತ್ಯಾಸವಿಷ್ಟೆ, ಅವಳ ಭಾಷೆ ಅವಳನ್ನು ಕೈಬಿಡಲಿಲ್ಲ. ಈ ಕೆಲಸ ಇಂಗ್ಲಿಷಿನಲ್ಲಿ ದಾಖಲಾಗಿದೆ. ಕನ್ನಡಕ್ಕೆ ಇಷ್ಟು ಹತ್ತಿರದ ನುಡಿಯ ಈ ಹೆಸರುಗಳು ನಮ್ಮ ಕೈಪಿಡಿಗಳ ಪಟ್ಟಿಯೊಳಗೆ ಬರಬೇಕಿತ್ತು. ಪಟ್ಟಿಯಲ್ಲಿ ಬಿಳಿಹುಬ್ಬಿನ ಅದು, ಕೆಂಪುಕೊರಳಿನ ಇದು ಎಂದು ಇಂಗ್ಲಿಷಿನಿಂದ ಇಳಿಸಿದ ಹೆಸರುಗಳೇ ತುಂಬಿಕೊಂಡಿವೆ. ಹುಬ್ಬು ಕಾಣದವರಿಗೆ ಆ ಹೆಸರಿನಿಂದ ಏನು ಬಂತು?

ಕಾಜಾಣದ ಈ ಕಳ್ಳತನದ ಕಥೆಯನ್ನು ಅವತ್ತು ರಾತ್ರಿ ಊಟವಾದ ಮೇಲೆ ನಾದಿನಿಯ ಮನೆಯವರಿಗೆಲ್ಲ ಹೇಳಿದೆ. ಅಜ್ಜಿ ನಕ್ಕರು. ನಾದಿನಿ ತಟ್ಟೆ ಎತ್ತಿದಳು. ಗೋಡೆಗೊರಗಿ ಕಾಲು ಚಾಚಿ ಕೂತಿದ್ದ ಸೊಸೆ, ನಾನು ಬಂದಾಗಿನಿಂದ ಹೂಂ ಉಹೂಂ ಬಿಟ್ಟು ಬೇರೆ ಮಾತಾಡದವಳು, "ಹಂಗಾರ ದೊಡ್ಡತ್ತೆ, ಅದರದೇ ಸ್ವಂತ ಕೂಗು ಯಾವ್ದು?" ಎಂದು ಕೇಳಿದಳು.

ಇದೆ, ಗಟ್ಟಿಯಾದ ಸಿಳ್ಳೆ, ಕಂಚಿನ ಬಟ್ಟಲು ತಟ್ಟಿದಂಥದ್ದು ಎಂದೆ.

"ಅದ್ನ ಒಂದ್ ದಿನ ಕೇಳ್ಬೇಕು" ಎಂದಳು.